ಷರಾ

ನಿಟ್ಟುವಳ್ಳಿಯ ಬಾಡಿಗೆ ಮನೆ, ಮಹಡಿಯ ಮೇಲೊಂದು ಕೋಣೆ.
ಪದಕ್ಕೆ ಒಂದೂವರೆ ರೂಪಾಯಿ.
ಒಸಾಕಾದ ಯಾವುದೋ ಆಸ್ಪತ್ರೆಯ ಕೈಪಿಡಿ,
ಅಲ್ಲಿಗೆ ಕೆಲಸಕ್ಕೆ ಹೋಗುವ ನಮ್ಮ ಕಡೆಯ ನರ್ಸುಗಳಿಗೆ.
ನಾಲ್ಕು ಕಾಲಂ: ಅವರ ಪದ, ಅದರ ಉಚ್ಚಾರ,
ನಮ್ಮ ಪದ, ಷರಾ.
ಈ ವಾರ ಬಂದದ್ದು
ಹೇಳಬಾರದ ಕಾಯಿಲೆಗಳ ಅಧ್ಯಾಯ.

ಮೊದಲನೆಯದು ಸಲೀಸು. ಸೇಇ-ಬ್ಯೋ.
ಒಂದಕ್ಷರ ಕಾಮ, ಒಂದಕ್ಷರ ರೋಗ.
ಈಗ ಅದನ್ನೂ ಬಿಟ್ಟು ಉದ್ದನೆಯ ಹೆಸರು ಬಳಸುತ್ತಾರಂತೆ,
ನಮ್ಮ ದೊಡ್ಡಾಸ್ಪತ್ರೆಯ ಗೋಡೆಯ ಮೇಲಿರುವ ಹಾಗೆ:
ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು.
ಗಂಜಿ ಹಾಕಿ ಇಸ್ತ್ರಿ ಮಾಡಿದ ಮಾತು,
ಯಾರ ಮೈಗೂ ಅಂಟುವುದಿಲ್ಲ.

ಎರಡನೆಯದಕ್ಕೆ ನಗು ಬಂತು. ರಿನ್-ಬ್ಯೋ.
ಎಡಕ್ಕೆ ಮೂರು ಹನಿ ನೀರು, ಬಲಕ್ಕೆ ಜೋಡಿ ಮರ.
ಪಿ.ಬಿ. ರಸ್ತೆಯಲ್ಲಿ ಲಾರಿ ನಿಲ್ಲಿಸಿ
ಜಾಲಿ ಮರೆಗೆ ಹೋದವನು
ಹಲ್ಲು ಕಚ್ಚಿ ನಿಂತೇ ಇದ್ದಾನೆ,
ತೊಟ್ಟು ತೊಟ್ಟು, ಉರಿ ಉರಿ.
ಈ ಅಕ್ಷರ ಕಟ್ಟಿದವನು ಯಾವಾಗ ಬಂದಿದ್ದ ಈ ಕಡೆ?
ನಮ್ಮ ಪದ: ಮೇಹ.
ಷರಾ: ಜನ 'ಉಷ್ಣ' ಎನ್ನುತ್ತಾರೆ,
ಎಳನೀರು ಕುಡಿದು ಸುಮ್ಮನಾಗುತ್ತಾರೆ.

ಕರ್ಯೂ-ಬ್ಯೋ. ಹಳೆಯ ಪದ, ಈಗ ಚಾಲ್ತಿಯಲ್ಲಿಲ್ಲ.
ಹೂವು, ಮತ್ತೆ ಹೊಳೆದಂಡೆಯ ಒಂದು ಜೋಲುರೆಂಬೆಯ ಮರ;
ಆ ಮರ ನಮ್ಮಲ್ಲಿಲ್ಲ.
ರಾತ್ರಿ ದೀಪ ಹಚ್ಚುವ ಓಣಿಗೆ ಅವರಿಟ್ಟ ಅಡ್ಡಹೆಸರು.
ಚಂದ ಇದೆ. ತೀರಾ ಚಂದ ಇದೆ.
ಇಟ್ಟವನು ಬೆಳಗಿನ ಜಾವ ಮುಖ ತೊಳೆದು
ಮನೆಗೆ ಹೋದವನೇ ಇರಬೇಕು.
ಓಣಿಯವಳನ್ನು ಕೇಳಿದ್ದರೆ
ಹೂವು ಎನ್ನುತ್ತಿರಲಿಲ್ಲ.
ಮೂರನೆಯ ಕಾಲಂ ಖಾಲಿ ಬಿಟ್ಟೆ.

ಆಮೇಲೆ ಬೈ-ದೋಕು.
ಬೈ ಎಂದರೆ ಅವರೂರಿನ ಹುಳಿಹಣ್ಣು. ದೋಕು, ವಿಷ.
ಹುಣ್ಣು ಹಣ್ಣಿನ ಹಾಗೆ ಕಂಡಿತಂತೆ ಯಾರಿಗೋ;
ನಮ್ಮಲ್ಲೂ ಎರಡರ ನಡುವೆ ಒಂದು ಕೊಂಬಿನ ಅಂತರ.
ಅದಕ್ಕೂ ಹಿಂದೆ ಚೀನಾ ಹುಣ್ಣು ಎಂದಿದ್ದರು ಅವರು,
ಪರಂಗಿ ರೋಗ ಎಂದರು ನಮ್ಮ ಪಂಡಿತರು,
ಕಸವನ್ನು ಪಕ್ಕದವರ ಹಿತ್ತಲಿಗೆ ಎಸೆದ ಹಾಗೆ.
ಕೊಟ್ರಪ್ಪ ಕಾಕ 'ಹುಬ್ಬಳ್ಳಿ ನೀರು' ಎಂದಿದ್ದ.
ಹತ್ತಿ ಅಂಡಿಗೆ ಹೇರಿಕೊಂಡು ವಾರಕ್ಕೆರಡು ಸಲ ಹೋಗುತ್ತಿದ್ದ.
ಅಂಗೈ ಅಂಗಾಲಲ್ಲಿ ಕೆಂಪು ಚುಕ್ಕೆ
ಬಂದವು, ತಾವೇ ಮಾಯವಾದವು.
'ನೋಡು, ಊರ ನೀರು ಕುಡಿದೆ, ಹೋತು.'

ಹಾಲಮ್ಮ ಚಿಕ್ಕಿ ಆ ನಾಲ್ಕು ವರ್ಷದಲ್ಲಿ ಮೂರು ಹೆತ್ತಳು.
ಮೂರೂ ಅಳಲಿಲ್ಲ.
ದೃಷ್ಟಿ ಎಂದರು. ಕಾಲ್ಗುಣ ಎಂದರು. ಹೊಟ್ಟೆಯ ಕಾವು ಎಂದರು.
ಕಾಣಬಂದವರೆಲ್ಲ ಒಂದೊಂದು ಪದ ಕೊಟ್ಟು ಹೋದರು,
ಯಾರೂ ಒಂದು ಸೂಜಿ ಚುಚ್ಚಿಸಲಿಲ್ಲ.

ಮಂಡಕ್ಕಿ ಒಗ್ಗರಣೆಯ ತಟ್ಟೆ ಹಿಡಿದು ಮೇಲೆ ಬಂದಳು ಚಿಕ್ಕಿ,
ಎಪ್ಪತ್ತರ ಮಂಡಿ, ಮೆಟ್ಟಿಲಿಗೊಂದು ಉಸ್ಸು.
'ಏನವ್ವಾ ಅದು, ಗುಬ್ಬಿಗೂಡು ಇದ್ದಂಗೆ ಐತಿ?'
ಬಿಡಿಸಿ ತೋರಿಸಿದೆ. ಇದು ಮರ. ಇದು, ಹಳೆಯ ಬರಹದಲ್ಲಿ, ತಾಯಿ.
ಈ ಕಡೆಯದು ವಿಷ,
ಅದರ ಹೊಟ್ಟೆಯಲ್ಲೂ ತಾಯಿಯದೇ ಗುರುತು.
'ವಿಸದಾಗೂ?'
'ವಿಷದೊಳಗೂ.'
ಪರದೆಯ ಮೇಲೆ ಬೆರಳಿಟ್ಟಳು, ಎಣ್ಣೆಯ ಗುರುತು ಉಳಿಯಿತು.
'ಈ ಹೆಸರು ಆವಾಗ ಯಾರಾರ ಹೇಳಿದ್ರೆ...'
ಅಲ್ಲಿಗೇ ನಿಲ್ಲಿಸಿ,
'ಮಂಡಕ್ಕಿ ಮೆತ್ತಗಾಗ್ತಾವು. ತಿನ್ನು.'

ನಮ್ಮ ಪದ: ಸಿಫಿಲಿಸ್.
ಷರಾ: ಗುಣವಾಗುತ್ತದೆ.
ಗಂಡನಿಗೆ ಕಂಡರೆ ಹೆಂಡತಿಯನ್ನೂ ಕರೆಸಿ.
ಅವಳಿಗೆ ಹೆಸರು ಹೇಳಿ, ಬಾಗಿಲು ಹಾಕಿಕೊಂಡು, ಅವಳ ಮಾತಿನಲ್ಲಿ.
ಬಸುರಿಯಾದರೆ ತಡಮಾಡಬೇಡಿ.
ನೀರಿನ ಮಾತು ಎತ್ತಿದರೆ ನಂಬಬೇಡಿ.

ಷರಾದ ಪದಗಳಿಗೆ ಏಜೆನ್ಸಿ ದುಡ್ಡು ಕೊಡುವುದಿಲ್ಲ.
ಹಾಗಾಗಿ ಉದ್ದಕ್ಕೆ ಬರೆದೆ.